ಬ್ರೆಡ್ಡಿನ ಕವರ್

ಗಂಡು ಎಲ್ಕ್ ಕಡವೆ ಇಪ್ಪತ್ತು ಹೆಜ್ಜೆ ದೂರಕ್ಕೆ ಬಂದು ನಿಂತ ಹೊತ್ತಿಗೇ ಮಳೆಯೂ ನಿಂತಿತು. ಬೇಟೆಗೆಂದು ಕಾದು ಕೂತಿದ್ದ ವರ್ಲಿನ್ ಮನಸ್ಸಿನಲ್ಲೇ ದೇವರಿಗೆ ಧನ್ಯವಾದ ಹೇಳಿದ. ಒಂಬತ್ತು ದಿನಗಳಿಂದ ಆರೆಗನ್ನಿನ ಈ ಕಾಡಿನಲ್ಲಿ ಅವನು ಬೈಯದೆ ಬಿಟ್ಟ ಮೋಡವಿರಲಿಲ್ಲ. ಬಾಲದ ಗರಿ ನೆಂದರೆ ಬಾಣ ಕುಡುಕನಂತೆ ಅಡ್ಡಾದಿಡ್ಡಿ ಹಾರುತ್ತದೆಂದು, ಸೊಂಟದ ಬತ್ತಳಿಕೆಯ ಬಾಣಗಳಿಗೆಲ್ಲ ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ತೊಡಿಸಿದ್ದ.

"ಒಂದಾದ್ರೂ ಹೊರಗಿಟ್ಕೊಳೋ, ಆ ಕವರ್ರು ಪರಪರ ಅನ್ನುತ್ತೆ," ಎಂದು ಅಕ್ಕ ಲೊರೀನ್ ಬೆಳಿಗ್ಗೆಯೇ ಹೇಳಿದ್ದಳು.

"ಈ ಮಳೇಲಿ ಟೆಂಟಲ್ಲಿ ನಿನ್ನ ಗೊರಕೆನೇ ಕೇಳಿಸ್ಲಿಲ್ಲ. ಇದು ಕೇಳ್ಸುತ್ತಾ?" ಅಂದಿದ್ದ.

ಈಗ ಅದೇ ಅಕ್ಕ ಹಿಂದಿನ ಮರದ ಮರೆಯಲ್ಲಿ ಕೂತು, ಹೆಣ್ಣು ಕಡವೆಯ ದನಿಯಲ್ಲಿ ಪೀಪಿ ಊದಿ ಗಂಡನ್ನು ಇಲ್ಲಿಗೆ ಕರೆತಂದಿದ್ದಳು. ವರ್ಲಿನ್ ಎಡಗೈಯಲ್ಲಿ ಬಿಲ್ಲು ಹಿಡಿದು, ಬಲಗೈಯಿಂದ ಮೆಲ್ಲಗೆ ಕವರ್ ಎತ್ತಿದ. ಪರಪರ! ಎಲೆಯಿಂದ ಹನಿ ಜಾರುವುದೂ ಕೇಳುವಂಥ ಮೌನದಲ್ಲಿ ಅದು ಕಾಡಿಗೆಲ್ಲ ಕೇಳಿಸಿತು. ಕಡವೆ ತಲೆಯೆತ್ತಿ ಅವನನ್ನೇ ನೋಡಿತು. ಮರುಕ್ಷಣ ಅಲ್ಲಿ ಜರಿಗಿಡಗಳು ಮಾತ್ರ ಅಲ್ಲಾಡುತ್ತಿದ್ದವು.

ಬಾಣ ಅವನ ಕೈಯಲ್ಲೇ ಇತ್ತು. ಗರಿಯೊಂದೂ ನೆಂದಿರಲಿಲ್ಲ.

ಲೊರೀನ್ ಎದ್ದು ಬಂದು ಒಮ್ಮೆ ಕವರ್ ನೋಡಿದಳು, ಒಮ್ಮೆ ಆಕಾಶ ನೋಡಿದಳು. "ನಿಲ್ಲು ನಿಲ್ಲು ಅಂತ ಒಂಬತ್ತು ದಿನ ಬೇಡ್ಕೊಂಡ್ಯಲ್ಲಪ್ಪ. ನಿಂತೇಬಿಡ್ತು ನೋಡು."

ಅವನು ಬಾಯಿ ತೆರೆಯುವುದರೊಳಗೆ ಮಳೆ ಮತ್ತೆ ಧೋ ಎಂದು ಸುರಿಯತೊಡಗಿತು. ವರ್ಲಿನ್ ಆ ಕವರನ್ನು ಮುಷ್ಟಿಯಲ್ಲಿ ಹಿಡಿದು ಶಕ್ತಿಯಿದ್ದಷ್ಟೂ ಹಿಸುಕಿದ. ಒಂಚೂರೂ ಸದ್ದು ಕೇಳಿಸಲಿಲ್ಲ.