ತಾಸಿಗೆ ಇನ್ನೂರು

ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಂದೀಲು ಎರಡನೇ ಸಲವೂ ಅರ್ಧಕ್ಕೇ ಆರಿಹೋಯಿತು. ಆದರೂ ಗೂಳಪ್ಪ, ನೆಲದೊಳಗೆ ಜೋಳ ತುಂಬಿಡುವ ಆ ಆಳದ ಹಗೇವಿನಲ್ಲಿ ಒಂದು ಕಾಲು ಇಳಿಬಿಟ್ಟೇ ಕುಳಿತಿದ್ದ. ಅವನ ಹೆಂಡತಿ ಸುವರ್ಣಾ ಹಿಂದಿನಿಂದ ಅಂಗಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಒಳಗ ಕೆಟ್ಟ ಗಾಳಿ ಐತ್ರಿ. ಇನ್ನೂ ಎರಡು ತಾಸು ತಡೀರಿ,” ಎಂದ ಹುಲಿಗೆಪ್ಪ. ಹಗೇವು ತೆರೆದ ಮೇಲೆ ಯಾವಾಗ ಇಳಿಯಬೇಕೆಂದು ಹೇಳಲು ತಿರ್ಲಾಪುರದ ಸುತ್ತಲಿನವರೆಲ್ಲ ಅವನನ್ನೇ ಕರೆಸುತ್ತಿದ್ದರು. ಅವನು ಕೇಳುತ್ತಿದ್ದುದು ಯಾವಾಗಲೂ ದಿನದ ಲೆಕ್ಕ. ಸುಮ್ಮನೆ ಕೂರುವವನಿಗೆ ಇಡೀ ದಿನದ್ದು ಯಾಕೆಂದು ಗೂಳಪ್ಪನೇ ಹಟ ಹಿಡಿದು ತಾಸಿಗೆ ಇನ್ನೂರು ಎಂದು ಮಾತಾಡಿದ್ದ.

“ಹೌದಪಾ, ಎರಡು ತಾಸು ಅಂದ್ರ ನಿನಗ ಮತ್ತ ನಾಕನೂರು. ಸಂಜೀತನಾ ಇರ್ತೈತಿ ಬಿಡು ನಿನ್ನ ಕೆಟ್ಟ ಗಾಳಿ,” ಎಂದು ನಕ್ಕು ಗೂಳಪ್ಪ ಇನ್ನೊಂದು ಕಾಲನ್ನೂ ಒಳಗೆ ಬಿಟ್ಟ. “ಉಸಿರು ಹಿಡದು ಇಳದು ನೋಡಿ ಬರ್ತೀನಿ.”

“ಬ್ಯಾಡ್ರಿ,” ಎಂದಳು ಸುವರ್ಣಾ. ಅವಳ ಕೈಯಲ್ಲಿ ಅಂಗಿಯ ಹೊಲಿಗೆ ಪರ್ರೆಂದಿತು.

ಹುಲಿಗೆಪ್ಪ ವಾದಕ್ಕೆ ನಿಲ್ಲಲಿಲ್ಲ. ಬೆಳಗಿನ ಮೂರು ತಾಸಿಗೆಂದು ಪಡೆದಿದ್ದ ಆರುನೂರನ್ನು ಕಿಸೆಯಿಂದ ತೆಗೆದು ಗೂಳಪ್ಪನ ತೊಡೆಯ ಮೇಲಿಟ್ಟ. “ನನಗ ಒಂದು ರೂಪಾಯಿನೂ ಬ್ಯಾಡ್ರಿ. ಈಗರ ಕೇಳ್ರಿ, ಇಳದ್ರ ನೀವು ಮ್ಯಾಲೆ ಬರೂದಿಲ್ಲ.”

ಗೂಳಪ್ಪನ ನಗು ನಿಂತಿತು. ಕಾಲು ಎತ್ತಲು ನೋಡಿದ. ತೊಡೆ ಗಡಗಡ ನಡುಗಿ ನೋಟುಗಳು ಕತ್ತಲೊಳಗೆ ಉದುರಿದವು. “ಹುಲಿಗೆಪ್ಪಣ್ಣಾ, ಕೈ ಕೊಡೋ,” ಎಂದ, ಅಗದಿ ಸಣ್ಣ ದನಿಯಲ್ಲಿ.