ಮೂರು ಪೆನ್ನಿನ ಮೇಡಂ

ಬಾಗಿಲು ತಟ್ಟಿದ ಸದ್ದು ಕೇಳಿದಾಗ ಮೇಡಂ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಬೆಳಿಗ್ಗೆ ಚೆಲ್ಲಿದ ನೀರಿನಲ್ಲಿ ಕಾಲು ಜಾರಿತ್ತು. ಸೊಂಟ ಕೊಂಚ ಅಲುಗಿದರೂ ಕಣ್ಣು ಕತ್ತಲೆ ಬರುತ್ತಿತ್ತು. ಬಾಯಿಯ ಒಂದು ಬದಿ ಜೋತುಬಿದ್ದಿತ್ತು. ಕೂಗಲು ಹೋದರೆ ಎಂಜಲು ಇಳಿಯುತ್ತಿತ್ತೇ ಹೊರತು ಮಾತು ಹೊರಡುತ್ತಿರಲಿಲ್ಲ.

ಮತ್ತೆ ತಟ್ಟಿದ ಸದ್ದು. ಬೆರಳ ತುದಿಯಿಂದ, ಬಾಗಿಲಿಗೆ ನೋವಾದೀತೇನೋ ಎಂಬಂತೆ.

ಹಾಗೆ ತಟ್ಟುವವಳು ಒಬ್ಬಳೇ. ಕಲಿಸಿದವರು ಮೇಡಂ.

"ಮೇಡಂ, ಇದೀರಾ? ಮತದಾರರ ಪಟ್ಟಿ ಕೆಲಸಕ್ಕೆ ಬಂದಿದೀನಿ." ಹುಡುಗಿಯ ದನಿಯೂ ಮೆಲ್ಲಗಿತ್ತು.

ಮೇಡಂಗೆ ಅಳು ಬಂತು. ಕೆಳಗಡೆ ಗೋದಾಮು, ಅಲ್ಲಿ ಕೇಳುವವರಿಲ್ಲ. ಫೋನು ಮಲಗುವ ಕೋಣೆಯಲ್ಲಿ. ತಂಗಿ ಮೊನ್ನೆಯಷ್ಟೇ ಜಗಳವಾಡಿ ಮಾತು ಬಿಟ್ಟಿದ್ದಾಳೆ, ಇನ್ನು ತಿಂಗಳುಗಟ್ಟಲೆ ಮುನಿಸು. ಬಾಗಿಲಿನದೋ ಎಳೆದರೆ ತಾನಾಗಿ ಬೀಳುವ ಬೀಗ. ಒಳಗೆ ಜನವಿದ್ದಾರೋ ಇಲ್ಲವೋ ಹೊರಗಿನವರಿಗೆ ತಿಳಿಯದು. ದೇವರೇ ಕಳಿಸಿದ ಹಾಗೆ ಬಂದಿದ್ದಾಳೆ ಹುಡುಗಿ.

ಇವತ್ತು ಆಗದಿದ್ದರೆ ನಾಳೆ. ನಾಳೆ ಬಿಟ್ಟರೆ ನಾಡಿದ್ದು. ನಿಯಮ ಮೇಡಂಗೆ ಬಾಯಿಪಾಠ.

ಈ ಬೀದಿಗಳ ಪಟ್ಟಿಯನ್ನು ನಿವೃತ್ತರಾಗುವವರೆಗೂ ನೋಡಿಕೊಂಡವರು ಅವರೇ. ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರು ಸತ್ತರು, ಯಾರು ಮನೆ ಬಿಟ್ಟರು ಎಂದು ಬರೆದುಕೊಳ್ಳುವ ಕೆಲಸ. ಮೊದಲೆಲ್ಲ ವರ್ಷಕ್ಕೊಮ್ಮೆ ಪುಡಿಗಾಸಿನ ಗೌರವಧನ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಒಂದು ಸಭೆಯಲ್ಲಿ ಮೇಡಂ ಎದ್ದು ನಿಂತರು. "ವರ್ಷಕ್ಕೆ ಇಷ್ಟು ಅನ್ನೋದು ಬೇಡ ಸಾರ್. ನಮ್ಮ ಕಾಲು ಸವೆಯೋದಕ್ಕೆ ದುಡ್ಡು ಕೊಡಿ. ಒಂದು ಭೇಟಿಗೆ ಇಷ್ಟು ಅಂತ."

ಮೇಲಿನವರು ಒಪ್ಪಿದರು. ಬಾಗಿಲು ತೆರೆದ ಮನೆಗೆ ಒಂದು ಭೇಟಿ. ತೆರೆಯದ ಮನೆಗೆ ಬೇರೆ ಬೇರೆ ದಿನ ಮೂರು ಸಲ ಹೋಗಬೇಕು, ಮೂರಕ್ಕೂ ದುಡ್ಡು. ಆಗಲೂ ಯಾರೂ ಸಿಗದಿದ್ದರೆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು.

ಪ್ರತಿ ಸಲ ಎಲ್ಲರಿಗಿಂತ ಮೊದಲು ಕೆಲಸ ಮುಗಿಸಿಕೊಡುತ್ತಿದ್ದವರು ಮೇಡಂ. "ಅಷ್ಟು ಓಡಾಡಿದ್ರೂ ನಿಮ್ಮ ಚಪ್ಪಲಿ ಸವೆಯೋದೇ ಇಲ್ವಲ್ಲ ಮೇಡಂ, ಯಾವ ಅಂಗಡೀದು?" ಎಂದು ಕಚೇರಿಯ ಗುಮಾಸ್ತ ಕಿಚಾಯಿಸುತ್ತಿದ್ದ. ಅವರ ಚೀಲದಲ್ಲಿ ಸದಾ ಮೂರು ಪೆನ್ನು. ಒಂದು ನೀಲಿ, ಒಂದು ಕಪ್ಪು, ಇನ್ನೊಂದು ಶಾಯಿ ಮಾಸಿದ್ದು. "ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ ಕಣಪ್ಪ" ಎನ್ನುತ್ತಿದ್ದರು. ಮೂರು ಪೆನ್ನಿನ ಮೇಡಂ ಎಂಬ ಹೆಸರು ಹಾಗೆ ಬಿತ್ತು. ನಿವೃತ್ತಿಯ ದಿನ ಆ ಮೂರನ್ನೂ ತಮ್ಮ ಜಾಗಕ್ಕೆ ಬಂದ ಈ ಹುಡುಗಿಯ ಕೈಗಿತ್ತಿದ್ದರು.

ಜನ ದೂರುವುದಿತ್ತು. ಒಂದು ಚುನಾವಣೆಯ ದಿನ ಮುದುಕ ದರ್ಜಿಯೊಬ್ಬ ಊರುಗೋಲು ಹಿಡಿದು ಮತಗಟ್ಟೆಗೆ ಬಂದಿದ್ದ. ಪಟ್ಟಿಯಲ್ಲಿ ಹೆಸರಿರಲಿಲ್ಲ. "ಕಾಲು ಬಾರದವನು ಮನೆ ಬಿಟ್ಟು ಎಲ್ಲಿಗೆ ಹೋಗ್ಲಿ ತಾಯಿ?" ಎಂದು ಎಲ್ಲರೆದುರು ಅತ್ತ. ಮೇಡಂ ಹಾಳೆ ತೆರೆದು ತೋರಿಸಿದರು. ಮೂರು ಭೇಟಿ, ಮೂರು ತಾರೀಖು. "ಬಂದಿದ್ದೆ ತಾತ. ನಿಮಗೆ ಕೇಳಿಸಿಲ್ಲ." ಮುದುಕ ತನ್ನ ಕಿವಿಯನ್ನೇ ಬೈದುಕೊಳ್ಳುತ್ತ ಹೊರಟುಹೋದ.

ಒಲೆಯ ಕಟ್ಟೆಯ ಬುಡದಲ್ಲಿ ಸ್ಟೀಲಿನ ಲೋಟ ಉರುಳಿ ಬಿದ್ದಿತ್ತು. ಮೇಡಂ ಸ್ವಾಧೀನವಿದ್ದ ಕೈಯನ್ನು ಚಾಚಿದರು. ಹಲ್ಲು ಕಚ್ಚಿ ಇನ್ನಷ್ಟು ಚಾಚಿದರು. ಲೋಟ ಸಿಕ್ಕಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ನೆಲಕ್ಕೆ ಬಡಿದರು.

ಹೊರಗೆ ಇನ್ನೊಂದು ಹೆಜ್ಜೆ ಸದ್ದು ಬಾಗಿಲಿಗೆ ಹತ್ತಿರವಾಯಿತು.

"ಒಳಗೇನೋ ಸದ್ದಾಯ್ತಲ್ಲೇ." ಗಂಡಸಿನ ದನಿ. ಹುಡುಗಿಯ ಗಂಡ, ಸ್ಕೂಟರಿನಲ್ಲಿ ಕರೆತಂದಿರಬೇಕು.

"ಕೆಳಗಡೆ ಗೋದಾಮಿದೆ ರೀ. ಇಲಿ ಇರ್ಬೇಕು."

ಮೇಡಂ ಮತ್ತೆ ಬಡಿಯಲು ಕೈಯೆತ್ತಿದರು. ಬೆರಳು ಸಡಿಲಿ ಲೋಟ ಜಾರಿತು. ಉರುಳುತ್ತ ಹೋಗಿ, ಕೈಗೆ ಸಿಗದಷ್ಟು ದೂರದಲ್ಲಿ, ಚೆಲ್ಲಿದ ನೀರಿನಲ್ಲಿ ನಿಂತಿತು.

ಪರವಾಗಿಲ್ಲ. ಇದು ಮೊದಲ ಭೇಟಿ. ರಾತ್ರಿಯೆಲ್ಲ ತೆವಳಿದರೆ ನಾಳೆ ಅವಳು ಬರುವಷ್ಟರಲ್ಲಿ ಬಾಗಿಲ ಬಳಿ ಇರಬಹುದು. ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಮಾಡುವ ಹುಡುಗಿ.

"ಪಾಪ, ನಿನ್ನ ಮೇಡಂ ಮನೆ ಅಲ್ವೇನೇ? ಇನ್ನೊಂದ್ಸಲ ಜೋರಾಗಿ ತಟ್ಟು" ಎಂದ ಗಂಡ.

"ಸುಮ್ನಿರಿ. ತೆಗೆದ್ರೆ ಒಂದೇ ಭೇಟಿ ದುಡ್ಡು."

"ಹಂಗಾದ್ರೆ ನಾಳೆ ಮತ್ತೆ ಬರ್ಬೇಕಾ? ಪೆಟ್ರೋಲ್ ನಿಮ್ಮಪ್ಪ ಹಾಕಿಸ್ತಾರಾ?"

ಹುಡುಗಿ ಕಿಸಕ್ಕನೆ ನಕ್ಕಳು. ಚೀಲದ ಜಿಪ್ಪು ಸರಿಯಿತು.

"ಯಾಕ್ ಬರ್ಬೇಕು? ಮೇಡಂ ಯಾವತ್ತಾದ್ರೂ ಎರಡನೇ ಸಲ ಹೋಗಿದ್ದುಂಟಾ? ಇವತ್ತಿಂದು ನೀಲೀಲಿ, ನಾಳೇದು ಕಪ್ಪಲ್ಲಿ, ನಾಡಿದ್ದಿಂದು ಈ ಮಾಸಿದ್ದರಲ್ಲಿ. ನಿಂತಲ್ಲೇ ಮುಗೀತು."

ಬಾಗಿಲಾಚೆ ಒಂದು ಪೆನ್ನು ಟಕ್ಕೆಂದಿತು, ತುಸು ಬಿಟ್ಟು ಇನ್ನೊಂದು, ಆಮೇಲೆ ಮೂರನೆಯದು.