ಎಣ್ಣೆ ಹಚ್ಚಿದ ಬೈರಿಗೆ

"ಬೈರಿಗಿ ತಿರಗಿತಂದ್ರ ನಿಮ್ಮದು, ಟೀಚರ್ರ. ತಿರಗಲಿಲ್ಲಂದ್ರ ಸೀದಾ ಹೋಟೆಲ್ಲಿನ ಗ್ವಾಡಿಗಿ," ಎಂದು ರುದ್ರಮುನಿ ಟೆಂಪೋದ ಹಿಂಬಾಗಿಲು ತೆರೆದೇ ಇಟ್ಟ. ರಾಣೆಬೆನ್ನೂರಿನ ಆ ಗುಜರಿ ವ್ಯಾಪಾರಿಯ ಟೆಂಪೋದಲ್ಲಿ ಆಗಲೇ ನೇಗಿಲು, ಸೇರು, ಬೀಸುಕಲ್ಲು, ಚಕ್ಕಡಿಯ ಗಾಲಿ ಒಂದರ ಮೇಲೊಂದು ಬಿದ್ದಿದ್ದವು. ಹೈವೇ ಪಕ್ಕದ ಹೊಸ ಹೋಟೆಲಿನವರು ಅವಕ್ಕೆಲ್ಲ ವಾರ್ನಿಶ್ ಬಳಿದು, ಮೊಳೆ ಬಡಿದು, ಗೋಡೆಗೆ ತೂಗುಹಾಕುವವರಿದ್ದರು.

ಹರಿಪ್ರಿಯಾ ಬೈರಿಗೆಯನ್ನು ಎದೆಗವಚಿಕೊಂಡು ಬ್ಯಾಡಗಿಯ ಬಡಿಗೇರ ಸಿದ್ದಲಿಂಗಪ್ಪನ ಮನೆಯ ಕಟ್ಟೆ ಹತ್ತಿದಳು. ಹಾವೇರಿಯ ಶಾಲೆಯಲ್ಲಿ ಚಿತ್ರ ಕಲಿಸುವ ಅವಳಿಗೆ ಹಳೆಯ ಉಳಿ, ಗರಗಸಗಳ ತುಕ್ಕು ಬಿಡಿಸಿ ಮತ್ತೆ ಕೆಲಸಕ್ಕೆ ಹಚ್ಚುವ ಹುಚ್ಚು. ಇದು ಮರಕ್ಕೆ ತೂತು ಕೊರೆಯುವ ಸಾಧನ: ಮೊಳದುದ್ದದ ದುಂಡು ಮರ, ಕೆಳಗೆ ಕಬ್ಬಿಣದ ಮೊನೆ, ಮೇಲೆ ಅಂಗೈಯಿಂದ ಒತ್ತಿ ಹಿಡಿಯಲು ಒಂದು ಬಿಡಿ ಟೊಪ್ಪಿಗೆ. ನಡುವಿಗೆ ಹಗ್ಗ ಸುತ್ತಿ ಎಳೆದರೆ ತಿರುಗಬೇಕು. ರುದ್ರಮುನಿಯ ಗುಜರಿಯಿಂದ ಕೇಳಿ ತಂದು, ಮೂರು ವಾರ ಅವಳು ಇದರ ಹಿಂದೆಯೇ ಬಿದ್ದಿದ್ದಳು. ಮೊನೆಯನ್ನು ಹುಣಸೆ ನೀರಿನಲ್ಲಿ ನೆನೆಸಿ ಸಾಣೆ ಹಿಡಿದಿದ್ದಳು, ಸೀಳು ಕೂಡಿಸಿದ್ದಳು, ಮರಕ್ಕೆ ಅಗಸೆ ಎಣ್ಣೆ ಕುಡಿಸಿ ಕುಡಿಸಿ ಉಜ್ಜಿದ್ದಳು. ಶಾಪ ತೀರಿದ ರಾಜಕುಮಾರ ಹಾಸಿಗೆಯಲ್ಲಿ ಎದ್ದು ಕುಳಿತಂತೆ ಅದು ಮಿಂಚುತ್ತಿತ್ತು. ಮಾತು ಮಾತ್ರ ಇನ್ನೂ ಆಡಿರಲಿಲ್ಲ; ಆಡಿಸಲು ಬೈರಿಗೆ ಹಿಡಿದು ಬಲ್ಲ ಕೈ ಬೇಕಿತ್ತು.

"ಇಪ್ಪತ್ತ ವರ್ಷ ಆತು ಇಂಥಾದ್ದನ್ನ ಮುಟ್ಟಿ," ಎಂದ ಸಿದ್ದಲಿಂಗಪ್ಪ ಜಾಲಿಯ ಹಲಗೆಯೊಂದನ್ನು ಎರಡೂ ಪಾದಗಳಲ್ಲಿ ಅದುಮಿ, ಮೊನೆ ಊರಿ, ಟೊಪ್ಪಿಗೆಯ ಮೇಲೆ ಅಂಗೈ ಇಟ್ಟ. "ನೀ ಹಗ್ಗ ಹಿಡಿ ತಂಗಿ. ಒಮ್ಮೆ ಆ ತುದಿ, ಒಮ್ಮೆ ಈ ತುದಿ. ಎಳಿಯೂದರಾಗ ಏನಿಲ್ಲ, ಎಲ್ಲಾ ಇರೂದು ಒತ್ತಾವನ ಕೈಯಾಗ."

ಹರಿಪ್ರಿಯಾ ಎಳೆದಳು. ಹಗ್ಗ ಸರ್ರನೆ ಜಾರಿತು. ಬೈರಿಗೆ ನಿಂತಲ್ಲೇ ನಿಂತಿತ್ತು. ಇನ್ನಷ್ಟು ಜೋರಾಗಿ ಎಳೆದಳು. ಈ ಸಲ ಅವಳೇ ಹಿಂದಕ್ಕೆ ಕುಸಿದು ಕೂತಳು.

"ಇದರಾಗ ಜೀವಾ ಉಳದಿಲ್ಲ ಬಿಡವಾ," ಎಂದ ಸಿದ್ದಲಿಂಗಪ್ಪ.

"ಪಾಪ, ಎಸಿ ಗಾಳ್ಯಾಗ ಅರಾಮ್ ಇರತೈತ್ರಿ. ದಿನಾ ಮಂದಿ ಬಂದು ಸೆಲ್ಫಿ ತಗೋತಾರ," ಎಂದು ರುದ್ರಮುನಿ ಕೈ ಚಾಚಿದ. ಹರಿಪ್ರಿಯಾ ಬೈರಿಗೆ ಬಿಡಲಿಲ್ಲ. ತಿರುಗದಿದ್ದರೆ ಕೊಡುವುದು ಒಪ್ಪಿಕೊಂಡ ಮಾತೇ ಆಗಿತ್ತು.

ಅಷ್ಟರಲ್ಲಿ ಸಿದ್ದಲಿಂಗಪ್ಪನ ಹೆಂಡತಿ ಫಕ್ಕೀರವ್ವ ಹಿಟ್ಟಿನ ಕೈ ಕೊಡವುತ್ತ ಬಾಗಿಲಿಗೆ ಬಂದಳು. "ಮೂವತ್ತ ವರ್ಷ ಆ ಹಗ್ಗಾ ಎಳದಾಕಿ ಒಳಗ ರೊಟ್ಟಿ ಬಡ್ಯಾಕತ್ತಾಳ. ಆಕೀನ್ನ ಒಂದ್ ಮಾತ ಕೇಳೂಣು ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡು!"

ಬೈರಿಗೆಯ ನಡುವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದವಳೇ ನಗತೊಡಗಿದಳು. "ಅಯ್ಯ ನಮ್ಮವ್ವಾ, ಮದುಮಗಳಿಗೆ ಹಚ್ಚಿದಂಗ ಎಣ್ಣಿ ಹಚ್ಚೀಯಲ್ಲ! ಹಗ್ಗ ಏನ್ ಹಿಡ್ಕೊಂಡ್ ತಿರಗಸಬೇಕು? ಇಲ್ಲೆ ಗೆರಿ ಇರತಾವಲ್ಲ, ಎಲ್ಲಿ ಹೋದು?"

"ತಿಕ್ಕಿ ತಗದೆ ಅಜ್ಜಿ," ಹರಿಪ್ರಿಯಾಳ ದನಿ ಸಣ್ಣಗಾಯಿತು. "ಹಳೇ ಗಾಯ ಅನ್ಕೊಂಡಿದ್ದೆ."

"ಗಾಯಲ್ಲವ್ವಾ. ಅವು ಹಗ್ಗ ಕುಂದ್ರೂ ಜಾಗಾ."

ಒಳಗಿನಿಂದ ಒಲೆಯ ಬೂದಿಯನ್ನೂ ಒಂದು ಇಟ್ಟಿಗೆ ಚೂರನ್ನೂ ತಂದು, ಕಾಲು ಚಾಚಿ ಕೂತು, ಫಕ್ಕೀರವ್ವ ಮಿರಿಮಿರಿ ಮಿಂಚುತ್ತಿದ್ದ ಆ ನಡುವನ್ನು ಗರಗರ ತಿಕ್ಕಿದಳು. ಮೂರು ವಾರದ ಹೊಳಪು ಮೂರು ನಿಮಿಷದಲ್ಲಿ ಬೂದಿಯಾಗುವುದನ್ನು ಹರಿಪ್ರಿಯಾ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಮರ ಒರಟಾದ ಮೇಲೆ ಫಕ್ಕೀರವ್ವ ಹಗ್ಗಕ್ಕೆ ನೀರು ಚಿಮುಕಿಸಿ ಎರಡು ಸುತ್ತು ಬಿಗಿದಳು. "ಹ್ಞೂಂ, ಒತ್ರಿ," ಎಂದಳು ಗಂಡನಿಗೆ.

ಗುರ್ರ್ ಎಂದಿತು ಬೈರಿಗೆ. ಆಮೇಲೆ ನಿಲ್ಲಲೇ ಇಲ್ಲ. ಅವನು ಮುಂದಕ್ಕೆ ವಾಲಿದರೆ ಅವಳ ಎಳೆತ ಉದ್ದವಾಗುತ್ತಿತ್ತು, ಅವನು ಉಸಿರು ತೆಗೆದುಕೊಂಡರೆ ಮೆಲ್ಲಗಾಗುತ್ತಿತ್ತು. ಮೊನೆಯ ಸುತ್ತ ಕೆಂಪು ಹೊಟ್ಟು ರವೆಯ ಹಾಗೆ ಉಕ್ಕಿ ಬಂತು. ಕಟ್ಟೆಯ ತುಂಬ ಜಾಲಿಯ ಒಗರು ವಾಸನೆ. ಹಲಗೆಯ ಆಚೆ ಬದಿಯಲ್ಲಿ ಮೊನೆ ಇಣುಕಿದ್ದೇ ತಡ, ಹರಿಪ್ರಿಯಾ ಹಲಗೆ ಕಸಿದುಕೊಂಡು, ಬಿಸಿಬಿಸಿ ತೂತಿನಲ್ಲಿ ಕಿರುಬೆರಳು ತೂರಿಸಿ, ರುದ್ರಮುನಿಯ ಮುಖದ ಮುಂದೆ ಕುಣಿಸಿದಳು.

"ಕಾಣಸ್ತೇನ್ರಿ?"

"ಕಾಣಸ್ತವಾ, ಕಾಣಸ್ತು!" ರುದ್ರಮುನಿ ನಗುತ್ತ ಟೆಂಪೋದ ಬಾಗಿಲು ಧಡಕ್ಕನೆ ಮುಚ್ಚಿದ. "ನಿಮ್ದ ಅದು. ಹೋಟೆಲ್ ಮಂದೀಗೆ ಬೀಸೂಕಲ್ಲ ಜೋಡಿ ಸೆಲ್ಫಿ ತಗೋರಿ ಅಂತೇನಿ."

ಸಿದ್ದಲಿಂಗಪ್ಪ ಹೆಗಲ ವಸ್ತ್ರದಿಂದ ಬೆವರು ಒರೆಸಿಕೊಂಡು ಬೀಗಿದ. "ನೋಡಿದ್ರಿಲ್ಲೋ? ಕೈ ಇನ್ನೂ ಮರತಿಲ್ಲ ನಮ್ದು."

ಫಕ್ಕೀರವ್ವ ಹರಿಪ್ರಿಯಾಳ ಕೈಯಿಂದ ಹಲಗೆ ಇಸಿದುಕೊಂಡಳು. ತೂತಿಲ್ಲದ ತುದಿ ಮುಂದಾಗುವಂತೆ ಅದನ್ನು ತಿರುಗಿಸಿ ಇಟ್ಟಳು. ಸೆರಗು ಸಿಕ್ಕಿಸಿ, ಹಲಗೆಯನ್ನು ತನ್ನ ಪಾದಗಳಲ್ಲಿ ಅದುಮಿ, ಬೈರಿಗೆ ಊರಿ, ಗಂಡನ ಕೈಯಿಂದ ಟೊಪ್ಪಿಗೆ ತೆಗೆದುಕೊಂಡಳು.

"ಸರೀರಿ ಅತ್ಲಾಗ. ಲಗ್ನಾ ಆದಾಗಿಂದ ಒಮ್ಮೆ ನಾನೂ ಒತ್ತಿ ನೋಡಬೇಕಂತ ಇತ್ತು."

ಹರಿಪ್ರಿಯಾ ಓಡಿ ಬಂದು ಹಗ್ಗ ಸುತ್ತಿಕೊಟ್ಟಳು. ಸಿದ್ದಲಿಂಗಪ್ಪ ಎದುರಿಗೆ ಕೂತು, ಎರಡು ಕೈಯಲ್ಲಿ ಎರಡು ತುದಿ ಹಿಡಿದುಕೊಂಡ. ಮೊದಲು ಯಾವುದನ್ನು ಎಳೆಯಬೇಕೆಂದು ತಿಳಿಯದೆ, ಹೆಂಡತಿಯ ಮುಖ ನೋಡಿದ.